ಹುಳಿಯೂ ಕಿಲುಬೂ

ಆಷಾಢದ ಮಳೆ ಹಿಡಿಯಿತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಮನೆಗಳಲ್ಲಿ ತಿಕ್ಕಿಟ್ಟ ತಾಮ್ರ ಹಿತ್ತಾಳೆಗಳು ಬಹುಬೇಗ ಕಂದಿಬಿಡುತ್ತವೆ. ಗೃಹಿಣಿಯರು ಶಪಿಸುವುದು ಮಳೆಯನ್ನು. ಲೋಹವನ್ನು ಕೂಡಿಕೊಳ್ಳುವುದು ಗಾಳಿಯಲ್ಲಿರುವ ಆಮ್ಲಜನಕ. ತೇವವು ಅದಕ್ಕೆ ಒತ್ತಾಸೆ.

ಎಲ್ಲ ಲೋಹಗಳ ಆತುರವೂ ಒಂದೇ ತೆರನಲ್ಲ. ಪ್ರಯೋಗಶಾಲೆಯಲ್ಲಿ ಸೀಮೆಎಣ್ಣೆಯೊಳಗೆ ಮುಳುಗಿಸಿಟ್ಟ ಸೋಡಿಯಮ್ಮನ್ನು ಹೊರತೆಗೆದು ಕೊಯ್ದರೆ, ಬೆಳ್ಳಿಯಂತೆ ಹೊಳೆದು ನೋಡನೋಡುತ್ತಿದ್ದಂತೆಯೇ ಮಂಕಾಗುತ್ತದೆ. ಚಿನ್ನಕ್ಕೋ ಗಾಳಿಯ ಹಂಗಿಲ್ಲ. ಶೃಂಗೇರಿಯ ಶಾರದೆಯ ಸುವರ್ಣಮೂರ್ತಿಗೆ ಮಳೆಗಾಲವೂ ಒಂದೇ, ಬೇಸಗೆಯೂ ಒಂದೇ. ಅಲ್ಯೂಮಿನಿಯಮ್ಮಿನದು ವಿಚಿತ್ರ: ಬಲು ಆತುರದ ಲೋಹವಾದರೂ, ಮೊದಲು ಕಟ್ಟಿದ ತೆಳುಪೊರೆಯೇ ಅದಕ್ಕೆ ಕವಚವಾಗುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಉದುರುತ್ತ ಹೋಗಿ ಒಳಗಿನ ಲೋಹವನ್ನೂ ಗಾಳಿಗೆ ಒಡ್ಡುತ್ತದೆ.

ತಾಮ್ರ ಮೊದಲು ಕಂದುಬಣ್ಣಕ್ಕೆ ತಿರುಗಿ, ತೇವವೂ ಅಂಗಾರಾಮ್ಲವೂ ಸೇರಿದಾಗ ಹಸಿರುಗಟ್ಟುತ್ತದೆ. ಇದೇ ಕಿಲುಬು. ಹುಣಸೆಹಣ್ಣು ತಿಕ್ಕಿದರೆ ಪಾತ್ರೆ ಬೆಳಗುವುದೇಕೆ? ಹುಳಿಯು ಆ ಪೊರೆಯನ್ನು ಕರಗಿಸುವುದರಿಂದ. ಅಪಾಯವಿರುವುದೂ ಅಲ್ಲಿಯೇ. ಕಲಾಯಿಯಿಲ್ಲದ ಹಿತ್ತಾಳೆಯ ಪಾತ್ರೆಯಲ್ಲಿ ಸಾರು ಕುದಿಸಿದರೆ, ಮಜ್ಜಿಗೆಯನ್ನಿಟ್ಟರೆ, ಕರಗಿದ ತಾಮ್ರ ನೇರವಾಗಿ ಹೊಟ್ಟೆ ಸೇರಿ, ಹೊಟ್ಟೆ ತೊಳಸಿ ವಾಂತಿಯಾದೀತು. ಹಿಂದೆ ಕಲಾಯಿಯವನು ತಿದಿಯೊತ್ತಿ, ನವಸಾಗರವಿಟ್ಟು, ಪಾತ್ರೆಯೊಳಗೆ ತವರವನ್ನು ಸವರುತ್ತಿದ್ದುದು ಅಂದಕ್ಕಾಗಿ ಅಲ್ಲ. ಈಗ ಅವನ ಕೂಗು ಅಪರೂಪ. ಉಕ್ಕಿನ ಪಾತ್ರೆಗಳು ಬಂದಿವೆ. ಆದರೆ ಪಟ್ಟಣಗಳಲ್ಲಿ ತಾಮ್ರದ ಬಾಟಲಿಯ ಮೋಹ ಮರಳಿದೆಯಷ್ಟೆ! ನೀರು ತುಂಬುವವರು ತುಂಬಲಿ. ನಿಂಬೆಹಣ್ಣಿನ ಪಾನಕವನ್ನು ಮಾತ್ರ ಅದರಲ್ಲಿ ಇಡಬಾರದು.

ನಮಗಾಗದ ಈ ತಾಮ್ರದ ಲವಣ ಶಿಲೀಂಧ್ರಕ್ಕೂ ಆಗದು. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ 1885ರ ಸುಮಾರಿಗೆ ಬಳಕೆಗೆ ಬಂದ ಬೋರ್ಡೋ ದ್ರಾವಣವೇ ನಮ್ಮ ಅಡಿಕೆಯ ಕೊಳೆರೋಗಕ್ಕೂ ಮದ್ದಾಯಿತು. ಕೆನಡಾದ ಲೆಸ್ಲಿ ಕೋಲ್ಮನ್ನರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಆ ರೋಗವನ್ನು ಅಭ್ಯಸಿಸಿ, 1910ರಲ್ಲಿ ಅದರ ಕುರಿತು ಬರೆದರು. ಶೇಕಡ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ.

ಪಾಕ ಸರಿಯಾಯಿತೋ ಎಂದು ತಿಳಿಯಲು ಬೆಳೆಗಾರರು ಹೊಳೆಯುವ ಕಬ್ಬಿಣದ ಚೂರಿಯನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಕಬ್ಬಿಣ ತಾಮ್ರಕ್ಕಿಂತ ಆತುರದ ಲೋಹ. ಸುಣ್ಣ ಸಾಲದಿದ್ದರೆ ಅದು ತಾನು ಕರಗಿ ತಾಮ್ರವನ್ನು ಹೊರದೂಡುತ್ತದೆ. ಅಲಗಿನ ಮೇಲೆ ಕೆಂಪು ಕೂತರೆ ಇನ್ನಷ್ಟು ಸುಣ್ಣ ಹಾಕಬೇಕು. ಕೂರದಿದ್ದರೆ ಮರ ಹತ್ತಬಹುದು.