ಅರ್ಕಾವತಿ ಬತ್ತಿದ್ದಕ್ಕೆ ಮಳೆಯನ್ನು ದೂರಬೇಡಿ

ಹೊಳೆ ನೋಡಿದರೆ ಹರಿವು ಗೊತ್ತಾಗುತ್ತದೆ, ಮೋಟಾರು ಹಾಕಿದರೆ ಅಂತರ್ಜಲ ಗೊತ್ತಾಗುತ್ತದೆ ಎಂದೇ ಬಹಳ ಜನ ನಂಬಿದ್ದಾರೆ. ವರ್ಷಗಟ್ಟಲೆ ಅಳೆದು ಬರೆದಿಟ್ಟ ಲೆಕ್ಕ ಬೇರೆಯೇ ಹೇಳುತ್ತದೆ.

ತಪ್ಪು ಕಲ್ಪನೆ: ಮಳೆ ಕಡಿಮೆಯಾಯಿತು, ನದಿ ಬತ್ತಿತು.

ಸತ್ಯ: ನಂದಿ ಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಒಂದು ಕಾಲಕ್ಕೆ ಬೆಂಗಳೂರಿಗೆ ನೀರುಣಿಸಿದ ನದಿ. 1933ರಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಬರುವ ಒಳಹರಿವು ದಶಕಗಳಿಂದೀಚೆಗೆ ತೀರಾ ಕುಸಿದಿದೆ. ಸಂಶೋಧಕರು ಹಳೆಯ ಮಳೆ ದಾಖಲೆಗಳನ್ನು ಜಾಲಾಡಿದಾಗ ಅಷ್ಟು ದೊಡ್ಡ ಇಳಿಕೆ ಅಲ್ಲಿ ಕಾಣಲಿಲ್ಲ. ಅವರು ಮುಖ್ಯವಾಗಿ ಬೊಟ್ಟು ಮಾಡಿದ್ದು ಕೊಳವೆಬಾವಿಗಳತ್ತ ಮತ್ತು ನೀಲಗಿರಿ ತೋಪುಗಳತ್ತ.

ತಪ್ಪು ಕಲ್ಪನೆ: ಹೊಳೆ ನೀರೇ ಬೇರೆ, ಬೋರ್‌ವೆಲ್ ನೀರೇ ಬೇರೆ.

ಸತ್ಯ: ಮಳೆ ನಿಂತು ತಿಂಗಳುಗಳಾದ ಮೇಲೂ ಅಣೆಕಟ್ಟಿಲ್ಲದ ಹಳ್ಳ ಹರಿಯುತ್ತದೆಯಲ್ಲ, ಆ ನೀರು ಬಹುಪಾಲು ನೆಲದೊಳಗಿಂದ ಒಸರಿದ್ದು. ಅಂತರ್ಜಲ ಮಟ್ಟ ಹಳ್ಳದ ಪಾತ್ರಕ್ಕಿಂತ ಮೇಲಿದ್ದರೆ ಮಾತ್ರ ಹೀಗೆ ಒಸರುತ್ತದೆ. ಅದಕ್ಕಿಂತ ಕೆಳಗಿಳಿದರೆ ಹಳ್ಳದ ನೀರೇ ನೆಲಕ್ಕೆ ಇಂಗಿ ಹೋಗುತ್ತದೆ. ಹಾಗಾಗಿ ದಡದ ತೋಟಕ್ಕೆ ಎತ್ತಿದ ನೀರು ಹಳ್ಳದ ಲೆಕ್ಕದಲ್ಲೂ ಖರ್ಚೇ.

ತಪ್ಪು ಕಲ್ಪನೆ: ನಮ್ಮ ಬೋರ್‌ನಲ್ಲಿ ನೀರಿದೆ, ಊರಿನ ಅಂತರ್ಜಲಕ್ಕೇನೂ ತೊಂದರೆಯಿಲ್ಲ.

ಸತ್ಯ: ಬಯಲುಸೀಮೆಯ ಕೆಳಗಿರುವುದು ಬಹುತೇಕ ಗಟ್ಟಿ ಬಂಡೆ. ಅದರ ಬಿರುಕುಗಳಲ್ಲಷ್ಟೇ ನೀರು. ಬಿರುಕು ಸಿಕ್ಕವನಿಗೆ ಎರಡಿಂಚು ನೀರು, ಪಕ್ಕದ ಹೊಲದವನಿಗೆ ಬರೀ ದೂಳು. ಅದಕ್ಕೇ ಮಟ್ಟ ಅಳೆಯಲು ಪ್ರತ್ಯೇಕ ವೀಕ್ಷಣಾ ಬಾವಿಗಳಿವೆ. ಮೋಟಾರು ಓಡುತ್ತಿರುವ ಬಾವಿಯಲ್ಲಿ ನೀರು ತಾತ್ಕಾಲಿಕವಾಗಿ ಇಳಿದಿರುತ್ತದೆ, ಆ ಅಳತೆ ನಂಬುವಂತಿಲ್ಲ. ಅಳತೆಯ ಪಟ್ಟಿಗೆ ಸೀಮೆಸುಣ್ಣ ಬಳಿದು ಬಾವಿಯೊಳಗೆ ಬಿಡುತ್ತಾರೆ. ಮೇಲೆತ್ತಿದಾಗ ಸುಣ್ಣ ಎಲ್ಲಿಯವರೆಗೆ ಒದ್ದೆಯಾಗಿದೆಯೋ ಅದನ್ನು ನೋಡಿ ನೀರು ಎಷ್ಟು ಮೀಟರ್ ಕೆಳಗಿದೆ ಎಂದು ಬರೆದುಕೊಳ್ಳುತ್ತಾರೆ. ಈಗ ಹಲವು ಕಡೆ ತಾನಾಗಿಯೇ ಮಟ್ಟ ದಾಖಲಿಸುವ ಯಂತ್ರಗಳೂ ಬಂದಿವೆ.

ತಪ್ಪು ಕಲ್ಪನೆ: ಆಳದ ಬೋರ್‌ನ ತಿಳಿನೀರು ಶುದ್ಧ, ಕುದಿಸಿದರೆ ಇನ್ನೂ ಒಳ್ಳೆಯದು.

ಸತ್ಯ: ಬಂಡೆಯೊಡನೆ ಬಹುಕಾಲ ಇದ್ದ ನೀರಿನಲ್ಲಿ ಫ್ಲೋರೈಡ್ ಕರಗಿರಬಹುದು. ಕೋಲಾರ, ಪಾವಗಡದ ಕಡೆಯವರಿಗೆ ಈ ಕಾಟ ಹೊಸದಲ್ಲ. ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಫ್ಲೋರೈಡ್ ಗರಿಷ್ಠ ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಂ ಮೀರಿದೆಯೇ ಎಂಬುದು ಗೊತ್ತಾಗುವುದು ಪರೀಕ್ಷೆ ಮಾಡಿಸಿದಾಗಲೇ.

ತಪ್ಪು ಕಲ್ಪನೆ: ಒಂದು ಮುಂಗಾರು ಚೆನ್ನಾಗಿ ಸುರಿದರೆ ಎಲ್ಲ ಸರಿಹೋಗುತ್ತದೆ.

ಸತ್ಯ: ಕೇಂದ್ರ ಅಂತರ್ಜಲ ಮಂಡಳಿ ವರ್ಷಕ್ಕೆ ನಾಲ್ಕು ಬಾರಿ ಮಟ್ಟ ಅಳೆಯುತ್ತದೆ: ಜನವರಿ, ಮುಂಗಾರಿಗೆ ಮುಂಚೆ, ಆಗಸ್ಟ್ ಮತ್ತು ನವೆಂಬರ್. ಬೇಸಿಗೆಯ ಮಟ್ಟದ ಪಕ್ಕ ನವೆಂಬರಿನದನ್ನು ಇಟ್ಟರೆ ಸಾಮಾನ್ಯವಾಗಿ ಏರಿಕೆಯೇ ಕಾಣುತ್ತದೆ. ಹೋಲಿಸಬೇಕಾದದ್ದು ಬೇಸಿಗೆಯನ್ನು ಹಿಂದಿನ ಬೇಸಿಗೆಗಳೊಂದಿಗೆ. ಹತ್ತು ವರ್ಷಗಳ ಅಂಥ ಪಟ್ಟಿಯಲ್ಲಿ ಮಟ್ಟ ಕೆಳಗೇ ಜಾರುತ್ತಿದ್ದರೆ, ಈ ವರ್ಷ ಕೆರೆ ಕೋಡಿ ಬಿದ್ದರೂ ಹೊಸ ಬೋರ್ ಕೊರೆಸುವ ಮುನ್ನ ಯೋಚಿಸಬೇಕು.