ಕೆಲಸ ಕೊಡಿಸುವ ತಂತ್ರಾಂಶ: ನೋಂದಣಿಯ ಲೆಕ್ಕ, ನೆಲದ ಲೆಕ್ಕ

ಉಗಾರ ಬುದ್ರುಕದ ಸುತ್ತಮುತ್ತ ಕಬ್ಬಿನ ಹಂಗಾಮು ಆರಂಭವಾಗುವ ಎಷ್ಟೋ ದಿನಗಳ ಮೊದಲೇ ಒಂದು ದೊಡ್ಡ ನೇಮಕಾತಿ ಮುಗಿದಿರುತ್ತದೆ. ಅದಕ್ಕೆ ಜಾಹೀರಾತಿಲ್ಲ, ಅರ್ಜಿಯಿಲ್ಲ. ಕಬ್ಬು ಕಡಿಯುವ ಗ್ಯಾಂಗುಗಳನ್ನು ಕರೆತರುವ ಮುಕಾದಮ ಮುಂಗಡ ಹಣ ಹಂಚಿ ಜನರನ್ನು ಗೊತ್ತುಮಾಡಿಕೊಂಡಿರುತ್ತಾನೆ. ಯಾವ ಊರಿನಲ್ಲಿ ಎಷ್ಟು ಕೊಯ್ತಾ ಸಿಗುತ್ತವೆ, ಯಾರು ಹೋದ ವರ್ಷ ನಡುವೆಯೇ ಬಿಟ್ಟುಹೋದರು, ಯಾರ ಹೆಂಡತಿ ಬಾಣಂತಿ, ಎಲ್ಲವೂ ಅವನ ತಲೆಯಲ್ಲಿ. ಪಕ್ಕದ ಉಗಾರ ಖುರ್ದದಲ್ಲಿ 1939ರಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. ಗಣಕಗಳು ಬರುವುದಕ್ಕೆ ಬಹಳ ಹಿಂದೆಯೇ ಈ ಭಾಗದ ಜನ ಇಂಥ ಚಲಿಸುವ ದತ್ತಾಂಶ ಸಂಚಯವನ್ನು ನೋಡಿದ್ದರು ಎನ್ನಬೇಕು.

ಮುಕಾದಮ ಮಾಡುವ ಕೆಲಸದಲ್ಲಿ ಮೂರು ಭಾಗಗಳನ್ನು ಬೇರ್ಪಡಿಸಿ ನೋಡಿ: ನೆನಪಿಡುವುದು, ಹುಡುಕುವುದು, ಜೋಡಿಸುವುದು. ಈ ಮೂರನ್ನೂ ಗಣಕಕ್ಕೆ ವಹಿಸಬಹುದು. ವಹಿಸಿದವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಅಂಥದೊಂದು ಕಂಪನಿ ಹೇಗೆ ಬೆಳೆಯುತ್ತದೆ, ಎಲ್ಲಿ ಬೆಳೆಯುತ್ತದೆ ಎಂಬುದರ ಹಿಂದೆ ಒಂದು ಸರಳ ಗಣಿತವಿದೆ. ಭೌತಶಾಸ್ತ್ರದ ಮೇಷ್ಟರಿಗೆ ಅದು ತೀರಾ ಪರಿಚಿತ.

ಮೊದಲು ಕಂಪನಿಯ ಕಥೆ. 2004ರಲ್ಲಿ ಮೈಕ್ರೋಸಾಫ್ಟ್‌ನ ಸಂಶೋಧನಾಲಯವನ್ನು ಆರಂಭಿಸುವ ಕೆಲಸಕ್ಕಾಗಿ ಶಾನ್ ಬ್ಲಾಗ್ಸ್‌ವೆಟ್ ಎಂಬ ಅಮೆರಿಕದ ತಂತ್ರಜ್ಞ ಬೆಂಗಳೂರಿಗೆ ಬಂದರು. ಡ್ಯೂಕ್ ವಿಶ್ವವಿದ್ಯಾಲಯದ ಅನಿರುದ್ಧ ಕೃಷ್ಣ ಅವರ ಅಧ್ಯಯನವೊಂದು ಅವರ ಗಮನ ಸೆಳೆಯಿತು. ಬಡತನದಿಂದ ಹೊರಬಂದ ಕುಟುಂಬಗಳನ್ನು ಕೃಷ್ಣ ಪರಿಶೀಲಿಸಿದ್ದರು. ಅವುಗಳಲ್ಲಿ ಬಹಳಷ್ಟಕ್ಕೆ ಆದಾಯದ ಇನ್ನೊಂದು ದಾರಿ ಸಿಕ್ಕಿತ್ತು, ಆ ದಾರಿ ತೋರಿಸಿದವರು ಹೆಚ್ಚಾಗಿ ಪರಿಚಯದವರೇ ಆಗಿದ್ದರು. ಹಾಗಾದರೆ ಪರಿಚಯವಿಲ್ಲದವರ ಗತಿ? ಪರಿಚಯದ ಕೆಲಸವನ್ನು ಗಣಕ ಮಾಡಬಾರದೇಕೆ? ಈ ಪ್ರಶ್ನೆಯಿಂದ 2007ರಲ್ಲಿ ಬೆಂಗಳೂರಿನಲ್ಲಿ ‘ಬಾಬಾಜಾಬ್’ ಹುಟ್ಟಿತು. ಮನೆಗೆಲಸದವರು, ಚಾಲಕರು, ಅಡುಗೆಯವರು, ಕಾವಲುಗಾರರು ಅದರ ಜನ.

ಇಲ್ಲೊಂದು ತೊಡಕಿತ್ತು. ಆಗ ಇಂಥವರ ಬಳಿ ಅಂತರಜಾಲವಿರಲಿಲ್ಲ. ಇದ್ದದ್ದು ಗುಂಡಿಯ ಮೊಬೈಲು, ಅದರಲ್ಲಿ ಅಷ್ಟೋ ಇಷ್ಟೋ ದುಡ್ಡು. ಆದ್ದರಿಂದ ಅಂತರಜಾಲ ತಾಣದ ಜೊತೆಗೆ ಕಿರುಸಂದೇಶವನ್ನೂ ಧ್ವನಿಯನ್ನೂ ಕಂಪನಿ ಬಳಸಿಕೊಂಡಿತು. ಮುಂದೆ ‘ಮಿಸ್ಡ್ ಕಾಲ್’ ಕೂಡ ಬಂತು. ನಾವೆಲ್ಲ ದುಡ್ಡು ಉಳಿಸಲು ಮಾಡುತ್ತಿದ್ದ ಆ ಉಪಾಯದ ಒಳಗುಟ್ಟು ಸೊಗಸಾಗಿದೆ. ನೀವು ಕರೆ ಮಾಡಿದಾಗ ಮಾತು ಸಾಗುವ ಮೊದಲು ಸಂಕೇತಗಳು ಸಾಗುತ್ತವೆ. ನಿಮ್ಮ ಸಂಖ್ಯೆ ಯಾವುದು, ಯಾರನ್ನು ಕರೆಯುತ್ತಿದ್ದೀರಿ ಎಂಬುದು ಆ ಸಂಕೇತದಲ್ಲೇ ತಲುಪಿಬಿಡುತ್ತದೆ. ಆ ಕಡೆಯವರು ಎತ್ತಿದ ಮೇಲಷ್ಟೇ ಹಣದ ಲೆಕ್ಕ ಶುರು. ಅಂದರೆ ಉತ್ತರ ಸಿಗದ ಕರೆಯೊಂದು ಹತ್ತು ಅಂಕಿಗಳನ್ನು ಪುಕ್ಕಟೆಯಾಗಿ ಸಾಗಿಸುವ ಸಾಧನ! ಆ ಅಂಕಿಗಳನ್ನು ಹಿಡಿದು ಯಂತ್ರವೇ ತಿರುಗಿ ಕರೆಯಬಹುದು. ‘ಇದಕ್ಕೆ 1 ಒತ್ತಿ, ಅದಕ್ಕೆ 2 ಒತ್ತಿ’ ಎನ್ನಬಹುದು. 1 ಒತ್ತಿದಾಗ ಕೇಳುವ ಧ್ವನಿ 697 ಮತ್ತು 1209 ಹರ್ಟ್ಸ್‌ನ ಎರಡು ಸ್ವರಗಳ ಮಿಶ್ರಣ. 2 ಒತ್ತಿದರೆ 697ರ ಜೊತೆಗೆ 1336. ಅಡ್ಡಸಾಲಿಗೊಂದು, ಕಂಬಸಾಲಿಗೊಂದು ಸ್ವರ. ಹೀಗೆ ಏಳೇ ಸ್ವರಗಳಲ್ಲಿ ಹನ್ನೆರಡು ಗುಂಡಿಗಳು. (ಮೊಬೈಲಿನಲ್ಲಿ ಈ ಜೋಡಿಸ್ವರವನ್ನು ಸಾಮಾನ್ಯವಾಗಿ ಫೋನಿನ ಬದಲು ಜಾಲವೇ ಹುಟ್ಟಿಸುತ್ತದೆ.) ಓದು ಬಾರದವರೂ ಕೆಲಸಕ್ಕೆ ಅರ್ಜಿ ಹಾಕುವಂತಾದದ್ದು ಇಂಥ ಅಂಕಿಗಳಿಂದ.

2015ರಲ್ಲಿ ಆಸ್ಟ್ರೇಲಿಯದ ‘ಸೀಕ್’ ಕಂಪನಿಯ ನೇತೃತ್ವದಲ್ಲಿ ಬಾಬಾಜಾಬ್‌ಗೆ ಒಂದು ಕೋಟಿ ಡಾಲರ್ ಬಂಡವಾಳ ಬಂತು. 2017ರಲ್ಲಿ ಬೆಂಗಳೂರಿನದೇ ಆದ ‘ಕ್ವಿಕರ್’ ಅದನ್ನು ಕೊಂಡುಕೊಂಡಿತು. ಅಷ್ಟರಲ್ಲಿ ಕಾಲ ಬದಲಾಗಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಅಂತರಜಾಲ ಅಗ್ಗವಾಗಿ, ಸ್ಮಾರ್ಟ್‌ಫೋನು ಅದೇ ಜನರ ಕೈಗೆ ಬಂತು. 2019ರಲ್ಲಿ ನಿರ್ಮಿತ್ ಪಾರಿಖ್ ಆರಂಭಿಸಿದ ‘ಅಪ್ನಾ’ ಎರಡೇ ವರ್ಷಗಳಲ್ಲಿ, 2021ರ ಸೆಪ್ಟೆಂಬರಿಗೆ, ನೂರು ಕೋಟಿ ಡಾಲರಿಗೂ ಮೀರಿ ಬೆಲೆ ಕಟ್ಟಿಸಿಕೊಂಡಿತು. ಹೆಚ್ಚುಕಡಿಮೆ ಒಂದೇ ಕಲ್ಪನೆ. ನಡುವೆ ಬದಲಾದದ್ದು ಕೈಯಲ್ಲಿನ ಸಾಧನ.

ಈಗ ಗಣಿತಕ್ಕೆ ಬರೋಣ. ರಸಾಯನಶಾಸ್ತ್ರದಲ್ಲಿ ರಾಶಿಕ್ರಿಯಾ ನಿಯಮವನ್ನು ಓದಿರುತ್ತೀರಿ. 1864ರಲ್ಲಿ ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವಾಗೆ ಅದನ್ನು ಮುಂದಿಟ್ಟರು. ಎರಡು ಬಗೆಯ ಅಣುಗಳು ಸೇರುವ ಸರಳ ಕ್ರಿಯೆಯಲ್ಲಿ ವೇಗವು ಎರಡರ ಸಾಂದ್ರತೆಗಳ ಗುಣಲಬ್ಧಕ್ಕೆ ಅನುಗುಣ. ಕೆಲಸ ಬೇಕಾದವರು ಒಂದು ಬಗೆಯ ಅಣು, ಕೆಲಸ ಕೊಡುವವರು ಇನ್ನೊಂದು ಎಂದು ಭಾವಿಸಿ. ಒಂದು ನಗರದಲ್ಲಿ 100 ಮಂದಿ ಮೊದಲನೆಯವರು, 20 ಮಂದಿ ಎರಡನೆಯವರು ಇದ್ದರೆ 2000 ಜೋಡಿಗಳು ಸಾಧ್ಯ. 500 ಜೋಡಿಗೆ ಒಂದು ಕೂಡಿಬರುತ್ತದೆ ಎಂದಿಟ್ಟುಕೊಂಡರೆ 4 ಜನರಿಗೆ ಕೆಲಸವಾಯಿತು. ಎರಡೂ ಕಡೆಯವರು ಇಮ್ಮಡಿಯಾದರೆ 8000 ಜೋಡಿ, 16 ಕೆಲಸ. ಇಮ್ಮಡಿ ಜನಕ್ಕೆ ನಾಲ್ಮಡಿ ಫಲ. ಬಂಡವಾಳಗಾರರಿಗೆ ಇದು ಬಲು ಪ್ರಿಯವಾದ ಲೆಕ್ಕ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಅದೇ 100 ಮತ್ತು 20 ಜನರನ್ನು ಹತ್ತು ಊರುಗಳಿಗೆ ಸಮನಾಗಿ ಹಂಚಿ. ಒಂದೊಂದು ಊರಿನಲ್ಲಿ 10 ಮತ್ತು 2. ಅಲ್ಲಿ 20 ಜೋಡಿ. ಹತ್ತೂ ಊರು ಸೇರಿ 200. ಸರಾಸರಿ ಒಬ್ಬರಿಗೂ ಪೂರ್ತಿ ಕೆಲಸ ಸಿಗಲಿಲ್ಲ, 0.4 ಅಷ್ಟೇ! ಕಂಪನಿಯ ವರದಿಯಲ್ಲಿ ನೋಂದಣಿಯ ಸಂಖ್ಯೆ ಮಾತ್ರ ಎರಡೂ ಸಲ ಒಂದೇ. ಲೆಕ್ಕಕ್ಕೆ ಬೇಕಾದದ್ದು ಒಟ್ಟು ಸಂಖ್ಯೆಯಲ್ಲ, ಸಾಂದ್ರತೆ. ಇಂಥ ಕಂಪನಿಗಳು ಮೊದಲು ಮಹಾನಗರಗಳಲ್ಲಿ ಚಿಗುರಿ, ಉಗಾರ ಬುದ್ರುಕದಂಥ ಕಡೆ ಬಡಕಲಾಗಿಯೇ ಉಳಿಯುವುದಕ್ಕೆ ಯಾರ ತಿರಸ್ಕಾರವೂ ಬೇಕಿಲ್ಲ, ಗುಣಾಕಾರವೇ ಸಾಕು.

ನೋಂದಣಿಯ ಸಂಖ್ಯೆಗೆ ಇನ್ನೊಂದು ದೋಷವಿದೆ. ಕೆಲಸ ಸಿಕ್ಕವನು ಹುಡುಕುವುದನ್ನು ನಿಲ್ಲಿಸುತ್ತಾನೆ, ಆದರೆ ಅವನ ಹೆಸರು ಪಟ್ಟಿಯಲ್ಲೇ ಇರುತ್ತದೆ. ಸಂಖ್ಯೆ ಬದಲಿಸಿದವನದೂ ಹಾಗೆಯೇ. ವಿಕಿರಣಶೀಲ ವಸ್ತುವಿಗಿರುವಂತೆ ನೋಂದಣಿಗೂ ಅರ್ಧಾಯುಷ್ಯವಿದೆ ಎನ್ನೋಣ. ಅದು ಒಂದು ತಿಂಗಳಾದರೆ, ಇಂದು ಸೇರಿದ 64,000 ಹೆಸರುಗಳಲ್ಲಿ ಆರು ತಿಂಗಳ ನಂತರ ಜೀವಂತವಾಗಿರುವುದು 1000 ಮಾತ್ರ. ಮುಕಾದಮ ಪ್ರತಿ ವರ್ಷ ಊರೂರು ಸುತ್ತಿ ತನ್ನ ಪಟ್ಟಿಯನ್ನು ಹೊಸದು ಮಾಡಿಕೊಳ್ಳುತ್ತಾನೆ. ಮುಂಗಡದ ಸಾಲದಲ್ಲಿ ಜನರನ್ನು ಕಟ್ಟಿಹಾಕುವ ಅವನ ಪದ್ಧತಿಯನ್ನು ನಾನು ಸಮರ್ಥಿಸುವುದಿಲ್ಲ, ಆದರೆ ಪಟ್ಟಿಯ ವಿಷಯದಲ್ಲಿ ಅವನು ಬುದ್ಧಿವಂತ.

ಇನ್ನು ದೂರ. ನೀವು ನಡೆದು 3 ಕಿಲೋಮೀಟರ್ ಹೋಗಬಲ್ಲಿರಿ, ನಿಮ್ಮ ಅಣ್ಣ ಬೈಕಿನಲ್ಲಿ 12 ಕಿಲೋಮೀಟರ್ ಹೋಗಬಲ್ಲ ಎಂದುಕೊಳ್ಳಿ. ತ್ರಿಜ್ಯ ನಾಲ್ಕು ಪಟ್ಟು, ವೃತ್ತದ ಕ್ಷೇತ್ರಫಲ ಹದಿನಾರು ಪಟ್ಟು. ಕೆಲಸಗಳು ಒಂದೇ ಸಮನೆ ಹರಡಿದ್ದರೆ ಅವನಿಗೆ ಹದಿನಾರು ಅವಕಾಶ, ನಿಮಗೆ ಒಂದು. ನಮ್ಮ ಕಡೆ ಈ ‘ನೀವು’ ಸಾಮಾನ್ಯವಾಗಿ ಹೆಣ್ಣುಮಗಳು. ವೃತ್ತವೂ ಕಾಗದದ ಮೇಲಷ್ಟೇ ದುಂಡಗಿರುತ್ತದೆ. ಅಕ್ಷಾಂಶ ರೇಖಾಂಶಗಳಿಂದ ಗಣಕ ಲೆಕ್ಕಹಾಕುವ ನೇರ ದೂರದಲ್ಲಿ ಕುಡಚಿ ಇಲ್ಲೇ ಇದೆ. ನಡುವೆ ಕೃಷ್ಣೆ ಹರಿಯುತ್ತಾಳೆ. 2019ರ ಆಗಸ್ಟ್ ತಿಂಗಳ ಪ್ರವಾಹವನ್ನು ಕಂಡವರಿಗೆ ಆ ದೂರದ ಅರ್ಥ ಬೇರೆ.

ಉಗಾರ ಬುದ್ರುಕದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಬಿ.ಎಸ್ಸಿ. ಮುಗಿಸಿದವಳು, ಇಂಥದೊಂದು ಆ್ಯಪ್ ತೆರೆದು ತಂದೆಯೊಡನೆ ನನ್ನ ಬಳಿ ಬಂದಿದ್ದಳು. ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ. ಅದು ಮೊದಲು ರಾಜ್ಯ ಕೇಳಿತ್ತು. ಅವಳು ಕರ್ನಾಟಕ ಎಂದು ಒತ್ತಿದ್ದಳು. ತೋರಿಸಿದ ಕೆಲಸಗಳಲ್ಲಿ ಹೆಚ್ಚಿನವು ಬೆಂಗಳೂರಿನವು, ಒಂದೆರಡು ಬೆಳಗಾವಿಯವು. ‘ಇಷ್ಟು ದೂರ ಕಳಿಸೋದಿಲ್ಲರೀ’ ಎಂದು ತಂದೆ ಆಗಲೇ ಹೇಳಿಯಾಗಿತ್ತು. ಉಗಾರದವರು ಆಸ್ಪತ್ರೆಗೆ, ಸಂತೆಗೆ, ಬಟ್ಟೆಗೆ ಹೋಗುವುದು ಮಿರಜ, ಸಾಂಗಲಿಗೆ. ಉಗಾರ ಖುರ್ದದ ನಿಲ್ದಾಣ ಮಿರಜ–ಲೋಂಡಾ ಮಾರ್ಗದಲ್ಲೇ ಇದೆ. ಆದರೆ ತಂತ್ರಾಂಶದ ಮಟ್ಟಿಗೆ ಮಿರಜ ಬೇರೆ ರಾಜ್ಯ, ಆದ್ದರಿಂದ ಇಲ್ಲವೇ ಇಲ್ಲ. ಬೆಂಗಳೂರಿನಲ್ಲಿ ಕುಳಿತು ಆ ಪಟ್ಟಿಯನ್ನು ಬರೆದವರಿಗೆ ರಾಜ್ಯದ ಗಡಿ ಒಂದು ಸಹಜ ಬೇಲಿ ಎನಿಸಿರಬೇಕು.

ಬದಲಿಸು ಎಂದೆ. ಮಹಾರಾಷ್ಟ್ರ, ಸಾಂಗಲಿ ಜಿಲ್ಲೆ, ಮಿರಜ ಎಂದು ಒತ್ತಿದಳು. ಪರದೆಯ ತುಂಬ ಮರಾಠಿ ಬಂತು. ಅವಳಿಗೆ ಅದೇನೂ ಹೊಸದಲ್ಲ. ಮೂರನೆಯ ಸಾಲಿನಲ್ಲಿ ರಕ್ತಪರೀಕ್ಷೆಯ ಪ್ರಯೋಗಾಲಯವೊಂದರ ಸಹಾಯಕಿಯ ಕೆಲಸವಿತ್ತು, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದು. ತಂದೆ ಆ್ಯಪ್‌ನತ್ತ ನೋಡಲಿಲ್ಲ. ಸಂಜೆ ಮಿರಜದಿಂದ ಹೊರಡುವ ಗಾಡಿ ಎಷ್ಟಕ್ಕೆ ಎಂದು ನನ್ನನ್ನು ಕೇಳಿದರು.