ಕಟ್ಟಡವನ್ನು ಕಂಡಂತೆ ಬರೆಯುವುದು

ಏಳನೆಯ ತರಗತಿಯ ಹುಡುಗನೊಬ್ಬನಿಗೆ ‘ನಿನ್ನ ಶಾಲೆಯ ಚಿತ್ರ ಬರೆ’ ಎಂದು ಹೇಳಿ ನೋಡಿ. ಆತ ಎದುರುಗೋಡೆಯನ್ನು ಒಂದು ಆಯತವಾಗಿ ಬರೆಯುತ್ತಾನೆ. ಪಕ್ಕದ ಗೋಡೆಯೂ ಇದೆಯಲ್ಲ ಎಂದು ನೆನಪಾದಾಗ ಅದಕ್ಕೆ ತಾಗಿಸಿ ಇನ್ನೊಂದು ಆಯತ ಸೇರಿಸುತ್ತಾನೆ. ಎರಡರ ತಳವೂ ಒಂದೇ ನೇರ ಗೆರೆಯ ಮೇಲೆ ನಿಂತಿರುತ್ತದೆ. ಇದು ಕೈಯ ದೋಷವಲ್ಲ. ಗೋಡೆಯ ಎರಡು ತುದಿಗಳೂ ಒಂದೇ ಎತ್ತರ ಎಂಬುದು ಅವನಿಗೆ ಗೊತ್ತು, ಗೊತ್ತಿದ್ದುದನ್ನೇ ಬರೆದಿದ್ದಾನೆ. ಗೊತ್ತಿರುವುದನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಒಂದೆಡೆ ನಿಂತ ಕಣ್ಣಿಗೆ ಕಾಣುವುದನ್ನು ಬರೆಯುವ ಕ್ರಮವೇ ಪರ್ಸ್‌ಪೆಕ್ಟಿವ್. ಮನೆಯಲ್ಲಿ ತಮ್ಮ ತಂಗಿಯರಿಗೆ ಹೇಳಿಕೊಡುವವರಿಗೂ ಮುಂದೆ ಶಿಕ್ಷಕರಾಗಲಿರುವವರಿಗೂ ಇದು ಉಪಯೋಗಕ್ಕೆ ಬಂದೀತು.

ನಿಯಮ ಹೇಳುವ ಮೊದಲು ಗಾಜಿನ ಕಿಟಕಿಯೊಂದರ ಮುಂದೆ ಮಕ್ಕಳನ್ನು ಕೂರಿಸುವುದು ಒಳ್ಳೆಯದು. ಗದ್ದದ ಕೆಳಗೆ ನಾಲ್ಕು ಪುಸ್ತಕ ಪೇರಿಸಿಡಿ, ತಲೆ ಅಲುಗಬಾರದು. ಒಂದು ಕಣ್ಣು ಮುಚ್ಚಿ, ಸೋಪಿನ ಚೂರಿನಿಂದ ಎದುರಿನ ಕಟ್ಟಡದ ಅಂಚುಗಳನ್ನು ಗಾಜಿನ ಮೇಲೆಯೇ ತಿದ್ದಲಿ. ಕಟ್ಟಡ ಸ್ವಲ್ಪ ಓರೆಯಾಗಿ ಕಾಣುವಂತಿದ್ದರೆ ಪ್ರಯೋಗ ಚೆನ್ನಾಗಿ ಆಗುತ್ತದೆ. ದೂರ ಸರಿಯುವ ಸೂರಿನ ಗೆರೆ ಇಳಿಯುತ್ತದೆ, ಗೋಡೆಯ ಬುಡದ ಗೆರೆ ಏರುತ್ತದೆ. ಸ್ಕೇಲು ಇಟ್ಟು ಎರಡನ್ನೂ ಮುಂದುವರಿಸಿದರೆ ಒಂದು ಕಡೆ ಕೂಡುತ್ತವೆ. ಆ ಜಾಗವೇ ಕಣ್ಮರೆ ಬಿಂದು, ಅಂದರೆ ವ್ಯಾನಿಶಿಂಗ್ ಪಾಯಿಂಟ್. ಇಷ್ಟನ್ನು ಮಗು ತಾನೇ ಕಂಡುಕೊಂಡರೆ ಅರ್ಧ ಪಾಠ ಮುಗಿದಂತೆಯೇ.

ಚಿತ್ರವೆಂದರೆ ಕಿಟಕಿಯೊಂದರ ಮೂಲಕ ಕಾಣುವ ನೋಟ ಎಂಬ ಹೋಲಿಕೆ ಬಹಳ ಹಳೆಯದು. ಇಟಲಿಯ ಆಲ್ಬರ್ಟಿ 1435ರಲ್ಲಿ ಬರೆದ ಚಿತ್ರಕಲೆಯ ಗ್ರಂಥದಲ್ಲಿ ಅದು ಬರುತ್ತದೆ. ಅದಕ್ಕೂ ಮೊದಲು ಫ್ಲಾರೆನ್ಸ್ ನಗರದಲ್ಲಿ ಬ್ರುನೆಲೆಸ್ಕಿ ಎಂಬ ವಾಸ್ತುಶಿಲ್ಪಿ ಒಂದು ಚಮತ್ಕಾರವನ್ನೇ ಮಾಡಿ ತೋರಿಸಿದ್ದ. ಅಲ್ಲಿನ ಬ್ಯಾಪ್ಟಿಸ್ಟರಿ ಕಟ್ಟಡವನ್ನು ಹಲಗೆಯ ಮೇಲೆ ಬರೆದು, ಹಲಗೆಗೆ ಸಣ್ಣ ರಂಧ್ರ ಕೊರೆದ. ನೋಡುವವರು ಹಲಗೆಯ ಹಿಂದಿನಿಂದ ಆ ರಂಧ್ರಕ್ಕೆ ಕಣ್ಣಿಟ್ಟು, ಎದುರು ಹಿಡಿದ ಕನ್ನಡಿಯಲ್ಲಿ ಚಿತ್ರದ ಪ್ರತಿಬಿಂಬ ನೋಡಬೇಕು. ಆಕಾಶದ ಭಾಗಕ್ಕೆ ಹೊಳೆಯುವ ಬೆಳ್ಳಿ ಬಳಿದಿದ್ದರಿಂದ ನಿಜವಾದ ಮೋಡಗಳೇ ಅದರಲ್ಲಿ ತೇಲುತ್ತಿದ್ದವಂತೆ. ಆ ಹಲಗೆ ಈಗ ಉಳಿದಿಲ್ಲ. ಅವನ ಜೀವನಚರಿತ್ರೆಯಿಂದ ವಿಷಯ ತಿಳಿದಿದೆ. ಹಾಗೆಂದು ಈ ಕ್ರಮವನ್ನು ಅನುಸರಿಸದ ನಮ್ಮ ಹಳೆಯ ಚಿತ್ರಕಾರರು ಅರಿಯದವರು ಎಂದುಕೊಳ್ಳಬೇಡಿ. ಅರಮನೆಯ ಹೊರಗೋಡೆ, ಒಳ ಅಂಗಳ, ಮಹಡಿ ಎಲ್ಲವನ್ನೂ ಒಟ್ಟಿಗೆ ತೋರಿಸುವುದು ಅವರ ಉದ್ದೇಶವಾಗಿತ್ತು. ಅದಕ್ಕೆ ಒಂದೇ ಕಣ್ಣು ಸಾಲದು.

ದೂರದ್ದು ಎಷ್ಟು ಚಿಕ್ಕದಾಗುತ್ತದೆ? ಇದಕ್ಕೆ ಲೆಕ್ಕವಿದೆ. ಮೊಣಕೈ ಮಡಿಸದೆ ಪೆನ್ಸಿಲನ್ನು ಕಣ್ಣಿನಿಂದ 60 ಸೆಂಟಿಮೀಟರ್ ದೂರದಲ್ಲಿ ನೇರವಾಗಿ ಹಿಡಿಯಿರಿ. 6 ಮೀಟರ್ ಎತ್ತರದ ಲೈಟುಕಂಬ 30 ಮೀಟರ್ ದೂರದಲ್ಲಿದ್ದರೆ ಪೆನ್ಸಿಲಿನ ಮೇಲೆ 12 ಸೆಂಟಿಮೀಟರ್ ಬರುತ್ತದೆ. 60 ಮೀಟರ್ ದೂರದ ಕಂಬ 6, 120 ಮೀಟರ್ ದೂರದ್ದು 3. ದೂರ ಇಮ್ಮಡಿಯಾದರೆ ಕಾಣುವ ಎತ್ತರ ಅರ್ಧ. ಗಣಿತದಲ್ಲಿ ಬರುವ ಸಮರೂಪ ತ್ರಿಭುಜಗಳೇ ಇವು.

ಮಕ್ಕಳು ಹೆಚ್ಚು ಎಡವುವುದು ಕಣ್ಮಟ್ಟದ ರೇಖೆಯಲ್ಲಿ. ಕಣ್ಣು ಎಷ್ಟು ಎತ್ತರದಲ್ಲಿದೆಯೋ ಅಲ್ಲೇ ಈ ಅಡ್ಡಗೆರೆ. ನೆಲಕ್ಕೆ ಸಮಾನಾಂತರವಾಗಿ ದೂರ ಹೋಗುವ ಗೆರೆಗಳೆಲ್ಲ ಅದರ ಮೇಲೆಯೇ ಕೂಡುತ್ತವೆ. ಮೇಲಿನವು ಇಳಿಯುತ್ತವೆ, ಕೆಳಗಿನವು ಏರುತ್ತವೆ. ನೀವು ಕೂತರೆ ರೇಖೆಯೂ ಕೂರುತ್ತದೆ. ಸಮನೆಲದ ಮೇಲೆ ನಿಮ್ಮಷ್ಟೇ ಎತ್ತರದವರು ಎಷ್ಟೇ ದೂರ ನಿಂತಿರಲಿ, ಅವರ ಕಣ್ಣುಗಳು ಈ ರೇಖೆಯ ಮೇಲೆಯೇ ಇರುತ್ತವೆ.

ಇದನ್ನು ನಾನು ಪುಸ್ತಕದಿಂದ ಕಲಿತಿದ್ದೆ. ಅರ್ಥವಾದದ್ದು ಒಬ್ಬ ವಿದ್ಯಾರ್ಥಿನಿಯಿಂದ. ಹೆಂಚಿನ ಮಾಡಿನ ಕಟ್ಟಡವೊಂದನ್ನು ಬರೆದ ಆ ಹುಡುಗಿ ಸೂರಿನ ಗೆರೆಯನ್ನೂ ಬುಡದ ಗೆರೆಯನ್ನೂ ಏರಿಸಿದ್ದಳು. ಸೂರು ಇಳಿಯಬೇಕಲ್ಲವೇ ಎಂದು ನಾನು ಕೆಂಪು ಪೆನ್ಸಿಲಿನಿಂದ ತಿದ್ದಿ, ಅಂಕವನ್ನೂ ಕಳೆದೆ. “ಸರ್, ಒಂದ್ಸಲ ನನ್ನ ಜಾಗದಲ್ಲಿ ಕೂತು ನೋಡಿ” ಎಂದಳು. ಅವಳು ಕೂತಿದ್ದುದು ಮಹಡಿಯ ಕಿಟಕಿಯ ಬಳಿ. ಅಲ್ಲಿಂದ ಮಾಡಿನ ನೆತ್ತಿಯೂ ಕಣ್ಮಟ್ಟಕ್ಕಿಂತ ಕೆಳಗಿತ್ತು, ಗೆರೆಗಳೆಲ್ಲ ಏರಲೇಬೇಕಿತ್ತು. ಕೆಂಪು ಗೆರೆಯನ್ನು ಅಳಿಸಲಾಗಲಿಲ್ಲ, ಕಾಗದ ಹಾಳಾಗಿತ್ತು. ಅಂದಿನಿಂದ ಬರೆದವರ ಜಾಗದಲ್ಲಿ ಕೂರದೆ ಚಿತ್ರ ತಿದ್ದಿಲ್ಲ.

ಒಂದೇ ಬಿಂದುವಿನ ಚಿತ್ರಕ್ಕೆ ಹಂಪೆಯ ವಿರೂಪಾಕ್ಷ ಬೀದಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದದ ಬೀದಿಯ ನಡುವೆ ಪಶ್ಚಿಮಕ್ಕೆ ಮುಖ ಮಾಡಿ ನಿಂತರೆ, ಇಕ್ಕೆಲದ ಮಂಟಪಸಾಲುಗಳು ಕಿರಿದಾಗುತ್ತಾ ಸುಮಾರು 50 ಮೀಟರ್ ಎತ್ತರದ ಗೋಪುರದ ಬುಡದತ್ತ ಓಡುತ್ತವೆ. ಕಂಬಗಳ ನಡುವಿನ ಅಂತರವೂ ಕಿರಿದಾಗಬೇಕು. ಅಂದಾಜು ಬೇಡ, ಉಪಾಯವಿದೆ. ಮೊದಲ ಕಂಬದ ತಲೆ, ನಡು, ಬುಡಗಳಿಂದ ಕಣ್ಮರೆ ಬಿಂದುವಿಗೆ ಮೂರು ಗೆರೆ ಎಳೆದು, ಎರಡನೆಯ ಕಂಬವನ್ನು ಕಣ್ಣಿಗೆ ಸರಿಯೆನಿಸಿದಲ್ಲಿ ನಿಲ್ಲಿಸಿ. ಮೊದಲ ಕಂಬದ ತಲೆಯಿಂದ ಎರಡನೆಯದರ ನಡುವಿನ ಮೂಲಕ ಗೆರೆ ಎಳೆದರೆ, ಅದು ಬುಡದ ಗೆರೆಯನ್ನು ಮುಟ್ಟುವಲ್ಲಿ ಮೂರನೆಯ ಕಂಬ. ಹೀಗೇ ಮುಂದುವರಿಸಿ.

ಕಟ್ಟಡದ ಮೂಲೆ ನಮ್ಮ ಕಡೆಗಿದ್ದರೆ ಎರಡು ಬಿಂದುಗಳು ಬೇಕು. ಮೂಲೆಯ ನೆಟ್ಟಗಿನ ಗೆರೆ ಮೊದಲು. ಅದರ ಎರಡೂ ತುದಿಗಳಿಂದ ಎಡ-ಬಲದ ಬಿಂದುಗಳಿಗೆ ಗೆರೆಗಳು. ನೆಟ್ಟಗಿರುವುದನ್ನೆಲ್ಲ ನೆಟ್ಟಗೇ ಬಿಡಿ. ಮಾಡಿನ ತುದಿ ಹುಡುಕಲು, ಪಕ್ಕದ ಗೋಡೆಗೆ ಎರಡು ಕರ್ಣಗಳನ್ನು ಎಳೆಯಿರಿ. ಅವು ಕೂಡುವುದೇ ಗೋಡೆಯ ನಿಜವಾದ ನಡು; ಅಲ್ಲಿಂದ ಮೇಲಕ್ಕೆ ಎಬ್ಬಿಸಿದ ಗೆರೆಯ ಮೇಲೆ ಮಾಡಿನ ತುದಿ ಇರುತ್ತದೆ. ಸ್ಕೇಲಿನಿಂದ ಅಳೆದು ಅರ್ಧ ಮಾಡಿದರೆ ಮಾಡು ಒಂದು ಕಡೆ ವಾಲುತ್ತದೆ. ದೂರದ ತುದಿಯ ಇಳಿಜಾರನ್ನು ಹತ್ತಿರದ್ದಕ್ಕೆ ಸುಮಾರು ಸಮಾನಾಂತರವಾಗಿ ಎಳೆದರೆ ಈ ವಯಸ್ಸಿಗೆ ಸಾಕು.

ಎರಡೂ ಬಿಂದುಗಳನ್ನು ಕಾಗದದೊಳಗೇ ತುರುಕಿದರೆ ಕಟ್ಟಡದ ಮೂಲೆ ಚೂಪಾಗಿ ಹಡಗಿನ ಮೂತಿಯಂತಾಗುತ್ತದೆ. ಚಿತ್ರದ ಹಾಳೆಯನ್ನು ಅಗಲವಾದ ರಟ್ಟಿಗೆ ಅಂಟಿಸಿ, ಹಾಳೆಯ ಎರಡೂ ಕಡೆ ದೂರದಲ್ಲಿ, ಕಣ್ಮಟ್ಟದ ನೇರಕ್ಕೆ, ಗುಂಡುಸೂಜಿ ಚುಚ್ಚಿ ದಾರ ಕಟ್ಟಿ. ದಾರವನ್ನು ಬಿಗಿಯಾಗಿ ಎಳೆದು ಎಲ್ಲಿ ಹಿಡಿದರೂ ಸರಿಯಾದ ಗೆರೆ ಸಿಗುತ್ತದೆ. ಉದ್ದನೆಯ ಸ್ಕೇಲು ಇಲ್ಲದ ಶಾಲೆಯಲ್ಲೂ ದಾರವಂತೂ ಇದ್ದೇ ಇರುತ್ತದೆ.